ಕಂಪ್ಯೂಟರಿಗೂ ಒಂದು ಕೊನೆಯ ತಾರೀಖು

ಮಕ್ಕಳೇ, ಅಜ್ಜ ಅಜ್ಜಿಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದ್ದೀರಾ? ಹಿಂಬದಿಯಲ್ಲಿ ಒಂದು ತಾರೀಖು ಅಚ್ಚಾಗಿರುತ್ತದೆ. ಆ ದಿನ ಕಳೆದ ಮೇಲೂ ಮಾತ್ರೆಯ ಬಣ್ಣ, ಆಕಾರ ಹಾಗೆಯೇ ಇರುತ್ತವೆ. ಆದರೂ ಅದನ್ನು ಯಾರೂ ನುಂಗುವುದಿಲ್ಲ. ಕಂಪ್ಯೂಟರನ್ನು ನಡೆಸುವ ತಂತ್ರಾಂಶಕ್ಕೂ ಅಂಥದೇ ತಾರೀಖು ಇದೆ. ಎಲ್ಲೂ ಅಚ್ಚು ಹಾಕಿರುವುದಿಲ್ಲ, ಅಷ್ಟೇ.

ಈ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್, ಆಂಡ್ರಾಯ್ಡ್, ಲಿನಕ್ಸ್ ಎಲ್ಲವೂ ಈ ಜಾತಿಯವೇ. ಎಷ್ಟು ಎಚ್ಚರದಿಂದ ಬರೆದರೂ ಇದರಲ್ಲಿ ಎಲ್ಲೋ ಒಂದು ಸಂದು ಉಳಿದಿರುತ್ತದೆ. ಕಳ್ಳರು ನುಗ್ಗುವುದು ಅಲ್ಲಿಂದಲೇ. ಸಂದು ಗೊತ್ತಾದಾಗಲೆಲ್ಲ ತಯಾರಿಸಿದವರು ಅದನ್ನು ಮುಚ್ಚಲು ಒಂದು ತೇಪೆ ಕಳಿಸುತ್ತಾರೆ. ಅದೇ ಅಪ್‌ಡೇಟ್. ಕೆಲವು ವರ್ಷಗಳ ನಂತರ, ಇನ್ನು ಇದಕ್ಕೆ ತೇಪೆ ಇಲ್ಲ ಎಂದು ಒಂದು ದಿನ ಗೊತ್ತುಮಾಡುತ್ತಾರೆ. ವಿಂಡೋಸ್ ಎಕ್ಸ್‌ಪಿಗೆ ಆ ದಿನ 2014ರ ಏಪ್ರಿಲ್ 8. ವಿಂಡೋಸ್ 7ಕ್ಕೆ 2020ರ ಜನವರಿ 14. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಮಾರನೆಯ ದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ. ಅದಕ್ಕೇ ನಮಗೆ ಗೊತ್ತಾಗುವುದಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಎಟಿಎಂ ಉದಾಹರಣೆಯನ್ನೇ ಕೊಡುತ್ತೇನೆ. ಎಟಿಎಂ ಎಂದರೆ ದುಡ್ಡಿನ ಪೆಟ್ಟಿಗೆಗೆ ಜೋಡಿಸಿದ ಕಂಪ್ಯೂಟರ್. ಎಕ್ಸ್‌ಪಿಗೆ ತೇಪೆ ನಿಂತ ಮೇಲೂ ನಮ್ಮ ದೇಶದ ಅನೇಕ ಎಟಿಎಂಗಳು ಅದರಲ್ಲೇ ನಡೆಯುತ್ತಿದ್ದವು. 2017ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಸಿತು. ಕೆಲಸ ನಿಧಾನವೆಂದು ಕಂಡು 2018ರ ಜೂನ್ 21ರಂದು ಗಡುವನ್ನೇ ಕೊಟ್ಟಿತು: ಸೆಪ್ಟೆಂಬರ್ ಒಳಗೆ ಕಾಲು ಭಾಗ, ಡಿಸೆಂಬರ್ ಒಳಗೆ ಅರ್ಧ, 2019ರ ಮಾರ್ಚ್ ಒಳಗೆ ಮುಕ್ಕಾಲು, ಜೂನ್ ಒಳಗೆ ಎಲ್ಲ ಯಂತ್ರಗಳೂ ಬದಲಾಗಬೇಕು. ಯುಎಸ್‌ಬಿ ಕಿಂಡಿಗಳನ್ನು ನಿಷ್ಕ್ರಿಯ ಮಾಡುವಂಥ ಕಾವಲು ಕೆಲಸಗಳನ್ನು ಆಗಸ್ಟ್ ಒಳಗೇ ಮುಗಿಸಬೇಕೆಂದಿತು. ಮೊದಲು ಬಾಗಿಲು ಭದ್ರ ಮಾಡು, ಆಮೇಲೆ ಮನೆ ರಿಪೇರಿ ಮಾಡು ಎಂಬ ಕ್ರಮ ಅದು.

ಇಷ್ಟು ಅವಸರ ಏಕೆ? 2017ರ ಮೇ 12ರಂದು ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಿಗೆ ಹರಡಿತು. ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂದಾಜು 19,000ಕ್ಕೂ ಹೆಚ್ಚು ರೋಗಿಗಳ ಭೇಟಿಗಳು ರದ್ದಾದವು. ಆ ಸಂದಿಗೆ ತೇಪೆ ಮಾರ್ಚ್ 14ರಂದೇ ಬಂದಿತ್ತು! ಇನ್ನೊಂದು ಮಾತು: ಅಲ್ಲಿ ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಎಕ್ಸ್‌ಪಿ ಯಂತ್ರಗಳಲ್ಲ, ಆಗಿನ್ನೂ ತಾರೀಖು ಮುಗಿಯದಿದ್ದ ವಿಂಡೋಸ್ 7ರವು. ತೇಪೆ ಬಂದರೂ ಹಾಕಿರಲಿಲ್ಲ. ಹೊಸದಿದ್ದರೆ ಸಾಲದು, ಬಂದ ಅಪ್‌ಡೇಟನ್ನು ಹಾಕಿಕೊಳ್ಳಲೂ ಬೇಕು.

‘ಸರ್ವರ್ ಡೌನ್’ ಎಂಬ ಮಾತನ್ನು ಅಜ್ಜ ಅಜ್ಜಿಯರು ಕೇಳಿಯೇ ಇರುತ್ತೀರಿ. ಹೋಟೆಲಿನ ಸಪ್ಲೈಯರ್ ಹತ್ತಾರು ಟೇಬಲ್ಲಿಗೆ ತಿಂಡಿ ಕೊಡುವಂತೆ, ಹತ್ತಾರು ಕಂಪ್ಯೂಟರುಗಳಿಗೆ ಮಾಹಿತಿ ಒದಗಿಸುವ ಕಂಪ್ಯೂಟರೇ ಸರ್ವರ್. ಅದಕ್ಕೂ ತಾರೀಖು ಉಂಟು. ವಿಂಡೋಸ್ ಸರ್ವರ್ 2012ರದ್ದು 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಸೆಂಟ್‌ಓಎಸ್ 7ರದ್ದು 2024ರ ಜೂನ್ 30ಕ್ಕೆ. ಸರ್ವರ್ ಬದಲಿಸುವವರು ಮೊದಲು ಮಾಹಿತಿಯ ಪ್ರತಿ ತೆಗೆದಿಟ್ಟು, ಬೇರೆ ಯಂತ್ರದಲ್ಲಿ ಪರೀಕ್ಷಿಸಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಬದಲಿಸುತ್ತಾರೆ.

ಈಗ ಮನೆಯ ಯಂತ್ರಕ್ಕೆ ಬರೋಣ. ವಿಂಡೋಸ್ ಚಿಹ್ನೆಯ ಕೀ ಹಿಡಿದುಕೊಂಡು ಆರ್ ಒತ್ತಿ. ಬರುವ ಪುಟ್ಟ ಚೌಕದಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತಿ. ವಿಂಡೋಸ್ ಎಷ್ಟನೆಯದು ಎಂದು ಪರದೆಯೇ ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ನೋಡಿ. ಸೆಕ್ಯುರಿಟಿ ಅಪ್‌ಡೇಟ್ ಯಾವಾಗ ಬಂತು ಎಂಬುದನ್ನೂ ಸೆಟ್ಟಿಂಗ್ಸ್‌ನಲ್ಲೇ ಹುಡುಕಿ. ಅದು ವರ್ಷಗಳ ಹಿಂದಿನದಾದರೆ, ಆ ಫೋನಿನಲ್ಲಿ ಹಣದ ವ್ಯವಹಾರ ಬೇಡ.

ಯಂತ್ರದಲ್ಲಿರುವುದು ವಿಂಡೋಸ್ 10 ಎಂದಾದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆರೆಯಿರಿ. ಯಂತ್ರ ವಿಂಡೋಸ್ 11ಕ್ಕೆ ತಕ್ಕದ್ದಾದರೆ ಅಲ್ಲೇ ಖರ್ಚಿಲ್ಲದೆ ಸಿಗುತ್ತದೆ. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇವಿಲ್ಲದ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟ್‌ನಂಥ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿದರೆ ಅದು ಇನ್ನೂ ಕೆಲವು ವರ್ಷ ಬಾಳೀತು. ಯಾವುದನ್ನು ಹಾಕಿಸುವ ಮುನ್ನವೂ ಫೋಟೋ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೋ ಬೇರೆ ಹಾರ್ಡ್‌ಡಿಸ್ಕಿಗೋ ನಕಲು ಮಾಡಿ, ಅವು ತೆರೆಯುತ್ತವೆಯೇ ನೋಡಿಕೊಳ್ಳಿ.

ಅಜ್ಜ ಅಜ್ಜಿಯರಿಗೆ ಒಂದು ಎಚ್ಚರಿಕೆ. ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಮೈಕ್ರೋಸಾಫ್ಟ್‌ನವರು, ಈಗಲೇ ಸರಿಮಾಡುತ್ತೇವೆ’ ಎಂದು ಯಾರಾದರೂ ಫೋನ್ ಮಾಡಿದರೆ ತಕ್ಷಣ ಇಟ್ಟುಬಿಡಿ. ಮೈಕ್ರೋಸಾಫ್ಟ್ ತಾನಾಗಿ ಹಾಗೆ ಕರೆ ಮಾಡುವುದಿಲ್ಲ. ಅವರು ಹೇಳಿದ ಆ್ಯಪ್ ಹಾಕಿಕೊಂಡರೆ ಪಿಂಚಣಿಯ ಖಾತೆಯೇ ಬರಿದಾದೀತು.

ಮೊಮ್ಮಕ್ಕಳೇ, ಈ ಭಾನುವಾರ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಂತ್ರ, ಆಪರೇಟಿಂಗ್ ಸಿಸ್ಟಂ, ಅದರ ಕೊನೆಯ ತಾರೀಖು, ಕೊನೆಯ ಅಪ್‌ಡೇಟ್ ಬಂದ ದಿನ. ಅಜ್ಜನ ಫೋನು, ಅಜ್ಜಿಯ ಟ್ಯಾಬ್, ಅಪ್ಪನ ಲ್ಯಾಪ್‌ಟಾಪ್ ಎಲ್ಲವನ್ನೂ ಬರೆಯಿರಿ. ಮೂರನೆಯ ಕಾಲಂ ತುಂಬುವುದೇ ಸ್ವಲ್ಪ ಕಷ್ಟ. ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಹುಡುಕಿ. ತಾರೀಖು ಮುಗಿದದ್ದರ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿ, ದೊಡ್ಡವರ ಕೈಗೆ ಕೊಡಿ.