ತಲೆ ಎಣಿಸಿ ಹಂಚುವ ಸಾಲ

ಹುಟ್ಟುವ ಪ್ರತಿ ಕೂಸಿನ ತಲೆಯ ಮೇಲೂ ವಿದೇಶಿ ಸಾಲವಿದೆ ಎಂಬ ಮಾತು ಚುನಾವಣಾ ಭಾಷಣದಲ್ಲೂ ಟಿವಿ ಚರ್ಚೆಯಲ್ಲೂ ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನ ಚಹಾದಂಗಡಿಯಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಲೆಕ್ಕವೇನೋ ಸುಲಭ. 2025ರ ಮಾರ್ಚ್ ಕೊನೆಗೆ ದೇಶದ ವಿದೇಶಿ ಸಾಲ 736 ಬಿಲಿಯನ್ ಡಾಲರ್; ತಲೆಗೆ ಹಂಚಿದರೆ ಸುಮಾರು 43 ಸಾವಿರ ರೂಪಾಯಿ. ಭಾಗಾಕಾರ ಸರಿಯಿದೆ, ತೀರ್ಮಾನ ತಪ್ಪು. ಈ ಮೊತ್ತದಲ್ಲಿ ಸರ್ಕಾರದ ಪಾಲು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನದು ಕಂಪನಿಗಳದು, ಬ್ಯಾಂಕುಗಳದು. ಸಿಂಧನೂರಿನ ಹುಡುಗ ಅಮೆರಿಕದಲ್ಲಿ ದುಡಿದು ಇಲ್ಲಿನ ಎನ್‌ಆರ್‌ಐ ಖಾತೆಯಲ್ಲಿಟ್ಟ ಠೇವಣಿಯೂ ಇದರಲ್ಲೇ ಸೇರಿದೆ. ಶೇ 31ರಷ್ಟು ಸಾಲ ರೂಪಾಯಿಯಲ್ಲೇ ಇರುವುದರಿಂದ, ಡಾಲರ್ ಎಷ್ಟೇ ಏರಿದರೂ ಆ ಭಾಗದ ಹೊರೆ ನಮಗೆ ಹೆಚ್ಚುವುದಿಲ್ಲ.

ಸಾಲ ಎಷ್ಟು ಎಂದು ಕೇಳುವ ಮೊದಲು ಯಾವಾಗ ತೀರಿಸಬೇಕು, ಯಾವ ಹಣದಲ್ಲಿ ತೀರಿಸಬೇಕು, ಅದರಿಂದ ಏನು ಕಟ್ಟಿದ್ದೇವೆ ಎಂದು ಕೇಳಬೇಕು. ಬಾವಿ ತೋಡಲು ಹತ್ತು ವರ್ಷಕ್ಕೆ ತಂದ ಸಾಲದಿಂದ ರೈತ ಮುಳುಗುವುದು ಕಡಿಮೆ. ಬರುವ ಅಮಾವಾಸ್ಯೆಗೆ ಕೊಡಬೇಕಾದ ದಲ್ಲಾಳಿಯ ಕೈಗಡ ಅವನನ್ನು ಮುಳುಗಿಸುತ್ತದೆ.

1991ರಲ್ಲಿ ದೇಶಕ್ಕೆ ಆದದ್ದು ಇದೇ. ಆಗಿನ ಒಟ್ಟು ವಿದೇಶಿ ಸಾಲ ಸುಮಾರು 84 ಬಿಲಿಯನ್ ಡಾಲರ್. ಅದೆಲ್ಲವನ್ನೂ ಒಂದೇ ದಿನ ಯಾರೂ ಕೇಳಿರಲಿಲ್ಲ. ಕೊಲ್ಲಿ ಯುದ್ಧದಿಂದ ತೈಲ ದುಬಾರಿಯಾಯಿತು, ಅನಿವಾಸಿಗಳು ಠೇವಣಿ ಹಿಂತೆಗೆದರು, ಅಲ್ಪಾವಧಿಗೆ ಕೊಟ್ಟವರು ಸಾಲ ಮುಂದುವರಿಸಲು ಒಪ್ಪಲಿಲ್ಲ. ಆ ಜನವರಿಯಲ್ಲಿ ಬೊಕ್ಕಸದ ವಿದೇಶಿ ಹಣ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಒತ್ತೆಯಿಡಲು ಲಂಡನ್ನಿಗೆ ಸಾಗಿಸಿತು. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಈಗ ವರ್ಷಕ್ಕೆ ಒಂದೂವರೆ ಟನ್ ಆಸುಪಾಸು ಚಿನ್ನ ತೆಗೆಯುತ್ತದೆ. ಅದರ 30 ವರ್ಷಗಳ ದುಡಿಮೆಯಷ್ಟು ಚಿನ್ನ ವಿದೇಶಿ ಬಾಕಿಗೆ ಅಡವಾಯಿತು.

ದೀರ್ಘಾವಧಿ ಸಾಲದ ಬಗೆಯೇ ಬೇರೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1978ರಲ್ಲೂ 1989ರಲ್ಲೂ ವಿಶ್ವಬ್ಯಾಂಕಿನ ನೆರವು ಬಂತು. ಆ ಬ್ಯಾಂಕಿನ ಅಂಗಸಂಸ್ಥೆ ಐಡಿಎ 1978ರ ಕಾಲದಲ್ಲಿ ಕೊಡುತ್ತಿದ್ದ ಸಾಲಕ್ಕೆ 50 ವರ್ಷಗಳ ಅವಧಿ, ಮೊದಲ 10 ವರ್ಷ ಅಸಲಿನ ಕಂತಿಲ್ಲ, ಬಡ್ಡಿಯಿಲ್ಲ, ಶೇ 0.75ರ ಸೇವಾಶುಲ್ಕ ಮಾತ್ರ. ಇಂಥ ಸಾಲವನ್ನು ಕೂಸಿನ ತಲೆಯ ಹೊರೆ ಎನ್ನುವುದಾದರೆ, ಆ ಕೂಸು ಉಣ್ಣುವ ಅನ್ನಕ್ಕೆ ನೀರು ಹರಿಸಿದ ಕಾಲುವೆಯನ್ನೂ ಅದರ ಹೆಸರಿಗೇ ಬರೆಯಬೇಕಲ್ಲವೇ?

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 1978ರಲ್ಲಿ ಡಾಲರಿಗೆ ಎಂಟು ರೂಪಾಯಿಯ ಆಸುಪಾಸು ಇತ್ತು, 2024ರ ಕೊನೆಗೆ 85 ದಾಟಿತು. ಬಡ್ಡಿಯಿಲ್ಲದ ಸಾಲವೂ ರೂಪಾಯಿ ಲೆಕ್ಕದಲ್ಲಿ ಹತ್ತು ಪಟ್ಟಾಯಿತು. ಇದು ನಿಜ. ಇಲ್ಲಿನ ಬೆಲೆಗಳೂ ಹಲವು ಪಟ್ಟು ಏರಿದವು ಎಂದು ಅರ್ಧ ಉತ್ತರ ಕೊಡಬಹುದು. ಉಳಿದರ್ಧವನ್ನು ಕಾಲುವೆಯೇ ದುಡಿದು ಕೊಡಬೇಕು.

ನನಗೆ ಸಿಟ್ಟು ಬರುವುದು ಈ ಜಾಗದಲ್ಲಿ. ಕಾಲುವೆ ಹೇಗೆ ದುಡಿಯದೆ ಹೋಗುತ್ತದೆ ಎಂಬುದಕ್ಕೆ ತುಂಗಭದ್ರೆಯನ್ನು ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸುವಾಗ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೇ ಹೆಚ್ಚು ಜಾಗವಿತ್ತು. ಮೇಲ್ಭಾಗದಲ್ಲಿ ಭತ್ತ ತುಂಬಿತು. ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಇಂದಿಗೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಇತ್ತ ಮೇಲೆ ನೀರು ನಿಂತ ಹೊಲಗಳಲ್ಲಿ ಸವಳು ಏರುತ್ತಿದೆ. ಕೊನೆಯ ಹೊಲ ಮುಟ್ಟದ ಕಾಲುವೆಯ ಸಾಲವೇ ನಿಜವಾದ ಹೊರೆ. ಅದನ್ನು ಹೊರೆ ಮಾಡಿದ್ದು ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಅಲ್ಲ, ಗೇಟು ಕಾಯಬೇಕಾದ ನಮ್ಮದೇ ಆಡಳಿತ.

ವಿದೇಶಿ ಸಾಲವೇ ಬೇಡ ಎನ್ನುವವರು ಮೊದಲು ಪೊಟ್ಯಾಷ್ ಗೊಬ್ಬರ ಎಲ್ಲಿಂದ ಬರುತ್ತದೆಂದು ಹೇಳಲಿ. ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಕಾಲಕ್ಕೆ ಗೊಬ್ಬರ ಕೊಟ್ಟಿಗೆಯಿಂದ ಬರುತ್ತಿತ್ತು. ಇಂದು ಪೊಟ್ಯಾಷ್ ಕೆನಡಾ, ರಷ್ಯಾಗಳಿಂದ ಬರುತ್ತದೆ, ಬೆಲೆ ಡಾಲರಿನಲ್ಲಿ. ಆ ಡಾಲರನ್ನು ಗಳಿಸುವ ದಾರಿಗಳಲ್ಲಿ ಅಕ್ಕಿಯೂ ಒಂದು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾಗಿ 2024ರ ಸೆಪ್ಟೆಂಬರ್‌ವರೆಗೆ ಮುಂದುವರಿಯಿತು. ಬಡವರ ಅನ್ನ ದುಬಾರಿಯಾಗಬಾರದೆಂಬ ಕಾಳಜಿ ನನಗೂ ಒಪ್ಪಿಗೆ. ಆದರೆ ಭತ್ತದ ರೈತ ಕಳೆದುಕೊಂಡ ಬೆಲೆಯನ್ನು ತುಂಬಿಕೊಡುವವರು ಯಾರು?

ಹೊರಗಿನ ಸಾಲದಲ್ಲಿ ಕಟ್ಟಿದ ಪ್ರತಿ ಯೋಜನೆಗೂ ಉಳಿದ ಕಂತೆಷ್ಟು, ಯಾವ ಹಣದಲ್ಲಿ, ಕೆಳಭಾಗದ ಎಷ್ಟು ಎಕರೆಗೆ ನೀರು ತಲುಪಿದೆ ಎಂಬುದನ್ನು ಸರ್ಕಾರ ಪ್ರತಿವರ್ಷ ಬಜೆಟ್ಟಿನ ಜೊತೆಗೆ ಕನ್ನಡದಲ್ಲಿ ಮುಂದಿಡಲಿ. ಆಗ ಚಹಾದಂಗಡಿಯಲ್ಲಿ ಕುಳಿತವರೂ ತಾಲ್ಲೂಕುವಾರು ಲೆಕ್ಕ ಕೇಳಬಲ್ಲರು.