ಬೇಲಿಯಾಚೆಯ ಸಂಪತ್ತಿಗೆ ಲೆಕ್ಕವಿಲ್ಲವೇ?

ಜೋಗಕ್ಕೆ ರೋಪ್‌ವೇ ಬೇಕೇ, ಪಂಚತಾರಾ ಹೋಟೆಲ್ ಬೇಕೇ ಎಂಬ ವಾದ ಶಿವಮೊಗ್ಗ ಜಿಲ್ಲೆಯಲ್ಲಿ ವರ್ಷಗಳಿಂದ ನಡೆದಿದೆ. ಪರವಾದವರೂ ವಿರೋಧಿಸುವವರೂ ಕಟ್ಟಡದ ಸುತ್ತಲೇ ಸುತ್ತುತ್ತಿದ್ದಾರೆ. ಜೋಗದ ಸೊಬಗು ಇರುವುದು ಶರಾವತಿಯ ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಜಲಪಾತ ಮೈತುಂಬಿಕೊಳ್ಳುವುದು ಒಳ್ಳೆಯ ಮಳೆಗಾಲದಲ್ಲಿ ಮಾತ್ರ. ನಿಂತು ನೋಡುವ ಜಾಗಕ್ಕೆ ಎಷ್ಟೇ ಕೋಟಿ ಸುರಿದರೂ ನೋಡಬೇಕಾದ್ದು ಅಲ್ಲಿ ಹುಟ್ಟುವುದಿಲ್ಲ. ಜಿಲ್ಲೆಯ ಚಂದ್ರಗುತ್ತಿ, ಗುಡವಿ, ಬಳ್ಳಿಗಾವಿ, ತಾಳಗುಂದ, ಪಕ್ಕದ ಬನವಾಸಿ ಇವೆಲ್ಲವನ್ನೂ ಪ್ರವಾಸೋದ್ಯಮದ ನಕ್ಷೆಯಲ್ಲಿ ಹಿಗ್ಗಿಸಬೇಕು ಎನ್ನುವವರು ಮೊದಲು ಈ ಮಾತನ್ನು ಒಪ್ಪಿಕೊಳ್ಳಬೇಕು.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನೇ ನೋಡಿ. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಮಳೆ ಹಿಡಿಯುತ್ತಲೇ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಕೆರೆಯೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಸಾವಿರಾರು ಬಾಯಿಗಳಿಗೆ ಅಷ್ಟು ಸಣ್ಣ ಕೆರೆ ಮೇವು ಕೊಡಲಾರದು. ಹಕ್ಕಿಗಳು ಮರಿಗಳಿಗೆ ಮೀನು, ಕಪ್ಪೆ, ಹುಳು ತರುವುದು ಸುತ್ತಲಿನ ಗದ್ದೆ ಮತ್ತು ಕೆರೆಗಳಿಂದ. ಗದ್ದೆ-ಕೆರೆಗಳಿಗೆ ನೀರು ಒಸರುವುದು ಮೇಲಿನ ಕಾನು ಎಂಬ ಕಾಡುಗಳಿಂದ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ದಾಖಲಿಸಿತ್ತು. ಮೆಣಸು, ಬಗನಿ, ಜೇನು ಕೊಟ್ಟು, ತಂಪು ಹಿಡಿದು ಊರನ್ನು ಸಾಕಿದ ಈ ಕಾಡುಗಳು ಒತ್ತುವರಿಗೂ ಅಕೇಶಿಯಾ ನೆಡುತೋಪಿಗೂ ಸಿಕ್ಕಿ ಸೊರಗಿವೆ. ಹಾಗಾಗಿ ಸೊರಬದ ಕುಪ್ಪಗಡ್ಡೆ ಹೋಬಳಿಯ ಯಾವುದೋ ಕೆರೆ ಹೂಳು ತುಂಬಿದರೆ, ಕಾನು ಬೋಳಾದರೆ ಅದು ಪ್ರವಾಸೋದ್ಯಮ ಇಲಾಖೆಯ ನಷ್ಟವೂ ಹೌದು. ಇಲಾಖೆಯ ಯೋಜನೆಗಳಲ್ಲಿ ಮಾತ್ರ ಆ ನಷ್ಟಕ್ಕೆ ಜಾಗವಿಲ್ಲ. ಅಲ್ಲಿರುವುದು ಸ್ವಾಗತ ಕಮಾನು, ವಾಹನ ನಿಲುಗಡೆ, ಇಂಟರ್‌ಲಾಕ್ ನೆಲಹಾಸು.

ಗದ್ದೆ, ಕೆರೆ, ಕಾನು ಉಳಿಯಬೇಕು ಎಂಬ ಮಾತಿಗೆ ಬರುವ ಗಟ್ಟಿ ಆಕ್ಷೇಪ ರೈತನ ಕಡೆಯಿಂದ. ಭತ್ತದಲ್ಲಿ ಗಿಟ್ಟುವುದಿಲ್ಲವೆಂದು ಗದ್ದೆ ಅಡಿಕೆಗೆ, ಶುಂಠಿಗೆ ತಿರುಗುತ್ತಿದೆ. ನಿಮ್ಮ ಹಕ್ಕಿಗಾಗಿ ನಾವೇಕೆ ಬಡವರಾಗಿರಬೇಕು ಎಂದು ಆತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉಪದೇಶ ಅದಕ್ಕೆ ಉತ್ತರವಲ್ಲ, ಹಣ ಉತ್ತರ. ಹಕ್ಕಿಗೆ ಉಣಿಸುವ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿದವನಿಗೆ ಪ್ರವೇಶ ಶುಲ್ಕದಲ್ಲಿ ಪಾಲು ಸಿಗಲಿ, ಹಳ್ಳಿಮನೆಯ ನಾಲ್ಕು ಕೋಣೆಗಳಿಗೆ ಸುಲಭದ ಪರವಾನಗಿ ಸಿಗಲಿ. ದೊಡ್ಡ ಹೋಟೆಲ್ ಬಂದರೆ ಉದ್ಯೋಗ ಬರುತ್ತದೆ ಎನ್ನುವವರು ಯಾವ ಉದ್ಯೋಗ, ಯಾರಿಗೆ ಎಂದೂ ಹೇಳಬೇಕು. ಊರಿನವರಿಗೆ ಕಾವಲು ಮತ್ತು ಕಸಬರಿಗೆ, ಲಾಭ ಬೇರೆ ಊರಿಗೆ ಎಂದಾದರೆ ಆ ಅಭಿವೃದ್ಧಿಗೆ ಕೆರೆಯ ನೀರನ್ನು ಬಿಟ್ಟುಕೊಡಲು ಕಾರಣವೇ ಇಲ್ಲ.

ಪ್ರವಾಸಿಗರ ಸಂಖ್ಯೆಗೆ ಮಿತಿ ಹಾಕಿದರೆ ಚಂದ್ರಗುತ್ತಿಗೆ ಬರುವ ಬಡ ಭಕ್ತರು, ಶಾಲಾ ಮಕ್ಕಳು ಹೊರಗುಳಿಯುತ್ತಾರೆ ಎಂಬುದು ಇನ್ನೊಂದು ವಾದ. ಮಿತಿ ಬೇಕಾದದ್ದು ಕಾರುಗಳಿಗೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಲ್ಲಿ ನೀಲಗಿರಿಗೆ ಇ-ಪಾಸ್ ಬಂದಾಗ ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಅದು ಬೇಕಿರಲಿಲ್ಲ. ಮರುವರ್ಷ ವಾಹನಗಳ ಸಂಖ್ಯೆಗೇ ಮಿತಿ ಬಿತ್ತು. ಸೊರಬದಿಂದ ಗುಡವಿಗೂ ಚಂದ್ರಗುತ್ತಿಗೂ ವಾರಾಂತ್ಯದಲ್ಲಿ ಸಾಕಷ್ಟು ಬಸ್ ಓಡಿಸುವುದು ರಸ್ತೆ ಅಗಲಿಸಲು ಮರ ಕಡಿಯುವುದಕ್ಕಿಂತ ಅಗ್ಗ.

ಇದನ್ನೆಲ್ಲ ನೋಡಿಕೊಳ್ಳಲು ಹೊಸ ಪ್ರಾಧಿಕಾರವೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಕುಪ್ಪಗಡ್ಡೆ ಸೀಮೆಯ ಪಂಚಾಯಿತಿಗಳ ಸಮಿತಿಗಳು ತಮ್ಮ ಕಾನು, ಕೆರೆಗಳ ಗಡಿ ಅಳೆಸಿ, ನೀರಿನ ಲೆಕ್ಕ ಬರೆದು ಕೊಡಲಿ. ಅದು ಕೈಸೇರುವವರೆಗೆ ಸೊರಬ ತಾಲ್ಲೂಕಿನಲ್ಲಿ ಯಾವ ರೆಸಾರ್ಟಿಗೂ ಭೂಪರಿವರ್ತನೆ ಕೊಡಬಾರದು.