ಬೋರ್ ಹೋಯಿತೇ, ಮಸಿ ಹಿಡಿಯಿತೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿ 1996ರಲ್ಲಿ ಬಾಗಿಲು ಹಾಕಿತು. ಮೊದಲು ಜಾವಾ ಎಂಬ ಹೆಸರಿನಿಂದ, ಎಪ್ಪತ್ತರ ದಶಕದಿಂದೀಚೆಗೆ ಯೆಜ್ದಿ ಎಂಬ ಹೆಸರಿನಿಂದ ಅಲ್ಲಿಂದ ಹೊರಬಿದ್ದ ಗಾಡಿಗಳು ಮಾತ್ರ ಇನ್ನೂ ಬಾಗಿಲು ಹಾಕಲು ಒಪ್ಪಿಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳಂಥ ಊರುಗಳ ಎಷ್ಟೋ ಮನೆಗಳಲ್ಲಿ ತಂದೆಯ ಕಾಲದ ಯೆಜ್ದಿಯೊಂದು ಪಡಸಾಲೆಯ ಪಕ್ಕದಲ್ಲಿ ಮನೆಯವರಲ್ಲಿ ಒಬ್ಬನಂತೆ ನಿಂತಿದ್ದರೆ ಆಶ್ಚರ್ಯವಿಲ್ಲ. ಅದು ಏದುಸಿರು ಬಿಡತೊಡಗಿದಾಗ ಮನೆಯಲ್ಲಿ ಏಳುವ ಪ್ರಶ್ನೆಯೂ ಒಂದೇ: ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕುವುದೋ?

ಗಾಡಿಯನ್ನು ನೋಡಿದ ಮಿಸ್ತ್ರಿ ಎರಡು ಸಲ ಕಿಕ್ ಹೊಡೆದು, ಸೈಲೆನ್ಸರಿನ ಹೊಗೆಯತ್ತ ಒಮ್ಮೆ ಕಣ್ಣು ಹಾಯಿಸಿ, "ಬೋರ್ ಹೋಗ್ಯಾದ್ರಿ, ಎಂಜಿನ್ ಇಳಸಬೇಕ್ರಿ" ಎಂದುಬಿಡುತ್ತಾನೆ. ಅವನ ಮಾತು ನಿಜವಿರಬಹುದು; ಆದರೆ ಅದು ಪರೀಕ್ಷೆಯ ಫಲವಲ್ಲ, ಅಭ್ಯಾಸದ ಫಲ. ಬೋರ್ ಮಾಡಿಸುವುದೆಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಿಸಿ, ಅದಕ್ಕೆ ಹೊಂದುವ ದೊಡ್ಡ ಅಳತೆಯ ಪಿಸ್ಟನ್ನನ್ನು ಕೂರಿಸುವುದು. ಹೀಗೆ ಕೊರೆಯುವುದಕ್ಕೆ ಒಂದು ಮಿತಿಯುಂಟು. ಕಾಲು ಕಾಲು ಮಿಲಿಮೀಟರಿನಂತೆ ಕೆಲವೇ ಸಲ ಅಗಲಿಸಬಹುದು. ಆಮೇಲೆ ಗೋಡೆ ತೆಳುವಾಗಿ ಬೇರೆ ತೋಳು ಕೂರಿಸಬೇಕಾಗುತ್ತದೆ. ಮೂಲ ಕಾರ್ಖಾನೆಯೇ ಇಲ್ಲದ ಗಾಡಿಗೆ ಅನಾವಶ್ಯಕವಾಗಿ ಒಂದು ಸಲ ಬೋರ್ ಮಾಡಿಸಿದರೆ ಖರ್ಚಾಗುವುದು ಹಣವೊಂದೇ ಅಲ್ಲ, ಗಾಡಿಯ ಆಯುಷ್ಯದ ಒಂದು ಪಾಲೂ ಹೌದು.

ಒಬ್ಬ ಉಪಾಧ್ಯಾಯರನ್ನು ಊಹಿಸಿಕೊಳ್ಳೋಣ. ನೌಕರಿಯಲ್ಲಿದ್ದಾಗ ರಾಯಚೂರಿನಿಂದ ದೇವದುರ್ಗಕ್ಕೆ ಐವತ್ತಕ್ಕೂ ಮಿಕ್ಕ ಕಿಲೋಮೀಟರುಗಳನ್ನು ಈ ಗಾಡಿಯ ಮೇಲೆಯೇ ಓಡಾಡಿದವರು. ಬಿಸಿಲಿರಲಿ, ಎರೆಮಣ್ಣಿನ ಧೂಳಿರಲಿ, ಗಾಡಿ ಒಂದು ದಿನ ಗೊಣಗಿದ್ದಿಲ್ಲ. ನಿವೃತ್ತರಾದ ಬಳಿಕ ಅವರ ಪ್ರಯಾಣವೆಲ್ಲ ಮನೆಯಿಂದ ತೀನ್ ಕಂದೀಲಿನವರೆಗೆ, ತರಕಾರಿ ಚೀಲದೊಡನೆ ಮರಳಿ ಮನೆಗೆ. ಎರಡು ವರ್ಷ ಕಳೆಯುವುದರೊಳಗೆ ಗಾಡಿಗೆ ಎಳೆತವಿಲ್ಲ. ಮಗ ಮಾರಿಬಿಡಿ ಎನ್ನುತ್ತಾನೆ. ಮಿಸ್ತ್ರಿ ಬೋರ್ ಎನ್ನುತ್ತಾನೆ. ದುಡಿದು ಸವೆಯದ ಎಂಜಿನ್ನು ವಿಶ್ರಾಂತಿಯಿಂದ ಸವೆದೀತೇ ಎಂದು ಯಾರೂ ಕೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಈ ಪ್ರಶ್ನೆಗೆ ವೈದ್ಯರು ಏನು ಹೇಳುತ್ತಾರೋ, ಎಂಜಿನ್ನಿನ ವಿಷಯದಲ್ಲಂತೂ ಉತ್ತರ ಸ್ಪಷ್ಟವಾಗಿದೆ.

ಯೆಜ್ದಿಯದು ಎರಡು ಹೊಡೆತದ ಎಂಜಿನ್ನು. ಇದರಲ್ಲಿ ಎಣ್ಣೆಗೆ ಬೇರೆ ಮನೆಯಿಲ್ಲ; ಪೆಟ್ರೋಲಿನೊಡನೆ ಬೆರೆತೇ ಒಳಹೋಗಿ, ಪಿಸ್ಟನ್ನಿಗೆ ಜಿಡ್ಡನ್ನುಣಿಸಿ, ಕೊನೆಗೆ ಪೆಟ್ರೋಲಿನೊಡನೆ ತಾನೂ ಸುಟ್ಟುಹೋಗಬೇಕು. ಎಂಜಿನ್ನು ಚೆನ್ನಾಗಿ ಕಾಯ್ದು ದೂರ ಓಡಿದರೆ ಅದು ಬಹುಮಟ್ಟಿಗೆ ಸುಟ್ಟು ಹೊರಬೀಳುತ್ತದೆ. ಕಾಯುವ ಮೊದಲೇ ನಿಲ್ಲಿಸುವ ಗಾಡಿಯಲ್ಲಿ ಅರೆಬೆಂದ ಎಣ್ಣೆ ಕಿಟ್ಟವಾಗಿ ಹೆಪ್ಪುಗಟ್ಟುತ್ತದೆ: ಪಿಸ್ಟನ್ನಿನ ತಲೆಯ ಮೇಲೆ, ಸಿಲಿಂಡರಿನ ಮುಚ್ಚಳದಲ್ಲಿ, ಹೊಗೆ ಹೊರಡುವ ಕಿಂಡಿಯಲ್ಲಿ, ರಿಂಗುಗಳು ಕೂತಿರುವ ಗಾಡಿಯಲ್ಲಿ, ಸೈಲೆನ್ಸರಿನೊಳಗಿನ ತಡೆಗಳಲ್ಲಿ. ಅದರ ಮೇಲೆ, "ಎಂಜಿನ್ನಿಗೆ ಒಳ್ಳೆಯದು" ಎಂದು ಪ್ರೀತಿಯಿಂದ ಒಂದು ಬಳಕೆ ಎಣ್ಣೆ ಹೆಚ್ಚಿಗೆ ಸುರಿಯುವವರೂ ಉಂಟು. ಈ ಪ್ರೀತಿ ಮಗುವಿಗೆ ತುಪ್ಪವನ್ನೇ ಉಣಿಸಿದಂತೆ. ರಾಯಚೂರು ಸೀಮೆಯ ಧೂಳಿನದೂ ಇದರಲ್ಲಿ ಕೈವಾಡವಿದೆ. ಗಾಳಿ ಸೋಸುವ ಜಾಲರಿ ಮುಚ್ಚಿಕೊಂಡರೆ ಎಂಜಿನ್ನಿಗೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪ್ರಮಾಣ ಹೆಚ್ಚುತ್ತದೆ. ಗಾಳಿ ಸಾಲದ ಒಲೆ ಹೇಗೆ ಪಾತ್ರೆಯ ತಳಕ್ಕೆ ಮಸಿ ಬಳಿಯುತ್ತದೋ ಹಾಗೆಯೇ ಇಲ್ಲಿಯೂ.

ಹಾಗಾದರೆ ಸವೆದದ್ದು ಯಾವುದು, ಕಿಟ್ಟ ಹಿಡಿದದ್ದು ಯಾವುದು ಎಂದು ಎಂಜಿನ್ನು ಬಿಚ್ಚದೆಯೇ ತಿಳಿಯುವ ಬಗೆಯುಂಟೇ? ಉಂಟು. ಅದಕ್ಕೆ ಬೇಕಾದದ್ದು ಪ್ಲಗ್ಗಿನ ತೂತಿಗೆ ತಿರುಪುವ ಒಂದು ಕಂಪ್ರೆಶನ್ ಗೇಜು ಮತ್ತು ಹತ್ತು ನಿಮಿಷದ ತಾಳ್ಮೆ. ಗಾಡಿಯನ್ನು ಮೊದಲು ಸ್ವಲ್ಪ ಓಡಿಸಿ ಕಾಯಿಸಿಕೊಳ್ಳಬೇಕು. ಪ್ಲಗ್ಗನ್ನು ಬಿಚ್ಚಿ, ಕಿಡಿ ಹಾರದಂತೆ ಬೀಗದ ಕೈಯನ್ನು ತೆಗೆದಿಡಬೇಕು. ಗೇಜನ್ನು ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಆರೇಳು ಕಿಕ್ ಹೊಡೆಯಬೇಕು. ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆತ್ತಿದರೆ ಕಿಕ್ಕಾಗಿ ನಿಲ್ಲುವ ಯೆಜ್ದಿಯಲ್ಲಿ, ಗಾಡಿ ನ್ಯೂಟ್ರಲಿನಲ್ಲಿದೆಯೆಂದು ಎರಡು ಸಲ ನೋಡಿಕೊಳ್ಳುವುದು ಕ್ಷೇಮ. ಆಕ್ಸಿಲರೇಟರನ್ನು ಮುಚ್ಚಿಯೇ ಕಿಕ್ ಹೊಡೆದರೆ ಗಾಳಿ ಒಳಹೋಗದೆ ಒಳ್ಳೆಯ ಎಂಜಿನ್ನೂ ರೋಗಿಷ್ಠನಂತೆ ತೋರುತ್ತದೆ.

ಮುಳ್ಳು ಚದರಂಗುಲಕ್ಕೆ 100 ಪೌಂಡಿನ ಆಸುಪಾಸಿನಲ್ಲಿ ಅಥವಾ ಮೇಲೆ ನಿಂತರೆ ಸಾಮಾನ್ಯವಾಗಿ ಗಾಬರಿಗೆ ಕಾರಣವಿಲ್ಲ. ತೀರ ಕೆಳಗೆ ನಿಂತರೆ ಒಂದು ಸಣ್ಣ ಚಮಚೆಯಷ್ಟು ಎಣ್ಣೆಯನ್ನು ಪ್ಲಗ್ಗಿನ ತೂತಿನಿಂದ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಚೆನ್ನಾಗಿ ಏರಿದರೆ ಗಾಳಿ ಸೋರುತ್ತಿರುವುದು ರಿಂಗುಗಳ ಪಕ್ಕದಿಂದ. ಏರದಿದ್ದರೆ ಮುಚ್ಚಳದ ಕೂಡಿಕೆಯನ್ನು ಅನುಮಾನಿಸಬೇಕು.

ಅವಸರದ ಮಿಸ್ತ್ರಿ ಎಡವುವುದು ಇಲ್ಲಿಯೇ. ರಿಂಗಿನ ಪಕ್ಕದಿಂದ ಸೋರಿಕೆಯೆಂದ ಮಾತ್ರಕ್ಕೆ ಸಿಲಿಂಡರು ಸವೆದಿದೆಯೆಂದು ಅರ್ಥವಲ್ಲ. ರಿಂಗು ತನ್ನ ಗಾಡಿಯಲ್ಲಿ ಸಡಿಲವಾಗಿ ಹಿಗ್ಗಿ ಗೋಡೆಗೆ ಒತ್ತಿಕೊಂಡಿರಬೇಕು. ಕಿಟ್ಟ ತುಂಬಿ ಅದು ಅಲ್ಲಿಯೇ ಅಂಟಿಕೊಂಡರೂ ಗೇಜು ತೋರಿಸುವುದು ಅದೇ ಕೆಳಗಿನ ಅಂಕಿಯನ್ನೇ; ಎಣ್ಣೆ ಬಿಟ್ಟಾಗ ಏರುವುದೂ ಹಾಗೆಯೇ. ಆದ್ದರಿಂದ ಮೊದಲು ಕಿಟ್ಟ ತೆಗೆಯಬೇಕು, ಮತ್ತೆ ಅಳೆಯಬೇಕು, ಬೋರಿನ ಮಾತು ಆಮೇಲೆ. ಇನ್ನೊಂದು ವಿಚಿತ್ರವೂ ಉಂಟು. ಪಿಸ್ಟನ್ನಿನ ತಲೆಯ ಮೇಲೆ ಕಿಟ್ಟ ದಪ್ಪವಾಗಿ ಕೂತರೆ ಒಳಗಿನ ಜಾಗ ಕಿರಿದಾಗಿ ಅಂಕಿ ಎಂದಿಗಿಂತ ಮೇಲೇರುತ್ತದೆ. ಹೆಚ್ಚಿನ ಅಂಕಿಯನ್ನು ಕಂಡು ಹಿಗ್ಗುವವನ ಎಂಜಿನ್ನು ಏರಿನಲ್ಲಿ ಕಟಕಟನೆ ಸದ್ದು ಮಾಡುತ್ತಿದ್ದರೆ ಅದು ಆರೋಗ್ಯವಲ್ಲ, ಊತ. ಮೂರನೆಯ ಸಂದರ್ಭದಲ್ಲಿ ಅಂಕಿ ಸರಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಆಗ ಸೈಲೆನ್ಸರಿನ ಬಾಯಿಗೆ ಕೈ ಅಡ್ಡಹಿಡಿದು ಗಾಳಿಯ ರಭಸ ನೋಡಬೇಕು. ಮೂಗು ಕಟ್ಟಿದವನ ಎದೆಯನ್ನು ಪರೀಕ್ಷಿಸಿ ಏನು ಪ್ರಯೋಜನ?

ಈ ತೊಡಕು ಯೆಜ್ದಿಗೊಂದಕ್ಕೇ ಮೀಸಲಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ತಿರುಗು ಎಂಜಿನ್ನು 1957ರಲ್ಲಿ ಮೊದಲು ಓಡಿತು. ಜಪಾನಿನ ಮಾಜ್ದಾ ಕಂಪನಿ 1967ರ ಕಾಸ್ಮೊ ಕಾರಿನಿಂದ ಮೊದಲ್ಗೊಂಡು 2012ರವರೆಗೆ ತಯಾರಾದ ಆರ್‌ಎಕ್ಸ್-8 ಕಾರಿನವರೆಗೆ ಅದನ್ನು ಕೈಬಿಡದೆ ಬೆಳೆಸಿತು. ಅದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನಿಲ್ಲ. ಮುಮ್ಮೂಲೆಯ ಒಂದು ತಿರುಗಣೆ ಸುತ್ತುತ್ತದೆ, ಮೂಲೆಗೊಂದರಂತೆ ಮೂರು ಪಟ್ಟಿಗಳು ಗೋಡೆಗೆ ಒತ್ತಿಕೊಂಡು ಗಾಳಿಯನ್ನು ತಡೆಯುತ್ತವೆ. ಆ ಪಟ್ಟಿಗಳ ಜಿಡ್ಡಿಗಾಗಿ ಅಲ್ಲಿಯೂ ಸ್ವಲ್ಪ ಎಣ್ಣೆಯನ್ನು ಬೇಕೆಂದೇ ಸುಡಬೇಕಾಗುವುದರಿಂದ ಕಿಟ್ಟದ ಕಾಟ ಅದಕ್ಕೂ ತಪ್ಪಲಿಲ್ಲ. ಅದನ್ನು ಅಳೆಯುವಾಗ ಇನ್ನೊಂದು ಮೋಸ: ಸಾಧಾರಣ ಗೇಜು ಮೂರು ಮುಖಗಳಲ್ಲಿ ಬಲವಾದದ್ದರ ಒತ್ತಡವನ್ನು ಮಾತ್ರ ಹಿಡಿದಿಟ್ಟು ತೋರಿಸಿ, ಉಳಿದೆರಡರ ದೌರ್ಬಲ್ಯವನ್ನು ಮರೆಮಾಡುತ್ತದೆ. ತಿಳಿದವರು ಗೇಜಿನ ತಡೆಬಾಗಿಲನ್ನು ತೆರೆದಿಟ್ಟು, ಮುಳ್ಳು ಮೂರು ಸಲ ಸಮನಾಗಿ ಜಿಗಿಯುವುದೇ ಎಂದು ನೋಡುತ್ತಾರೆ. ಒಂದೊಂದು ಪಟ್ಟಿ ಎರಡು ಮುಖಗಳ ನಡುವಣ ಗಡಿಯಾದ್ದರಿಂದ ಒಂದು ಕೆಟ್ಟರೆ ಎರಡು ಜಿಗಿತ ಸಪ್ಪೆಯಾಗುತ್ತವೆ. ನಮ್ಮ ಹಳೆಯ ಅಂಬಾಸಡರಿನಲ್ಲಾದರೆ ಕೆಲಸ ಸುಲಭ. ನಾಲ್ಕು ಸಿಲಿಂಡರುಗಳನ್ನೂ ಬೇರೆಬೇರೆಯಾಗಿ ಅಳೆದು ಹೋಲಿಸಬಹುದು. ಅಕ್ಕಪಕ್ಕದ ಎರಡು ಮಾತ್ರ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವ ಸಂಭವವೇ ಹೆಚ್ಚು.

ಇನ್ನು ಕಿಟ್ಟ ತೆಗೆಯುವ ಕೆಲಸ. ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳದ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಮ್ ಮುಚ್ಚಳ ಡೊಂಕಾಗಬಹುದು. ಕಿಟ್ಟವನ್ನು ಕೆರೆಯಲು ಸ್ಕ್ರೂಡ್ರೈವರನ್ನು ಎತ್ತಿಕೊಳ್ಳುವ ಕೈಯನ್ನು ಮೊದಲು ತಡೆಯಬೇಕು. ಉಕ್ಕು ಎಳೆದ ಒಂದೊಂದು ಗೀರೂ ನಾಳಿನ ಕಿಟ್ಟಕ್ಕೆ ಬೇರೂರುವ ಸಾಲು. ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಬಿದಿರಿನ ಮೊಂಡ ಸೀಳಿನಿಂದ ಕೆರೆದರೆ ಸಾಕು. ರಿಂಗಿನ ಗಾಡಿಗೆ ಮುರಿದ ಹಳೆಯ ರಿಂಗಿನ ತುಂಡಿಗಿಂತ ಒಳ್ಳೆಯ ಸಲಕರಣೆಯಿಲ್ಲ. ಅದರ ಅಗಲವೂ ಗಾಡಿಯ ಅಗಲವೂ ಒಂದೇ. ಹೊಗೆಯ ಕಿಂಡಿಯನ್ನು ಕೆರೆದ ಪುಡಿ ಒಳಗುಳಿಯದಂತೆ ಒರೆಸಿ ತೆಗೆಯಬೇಕು. ಮುಚ್ಚಳವನ್ನು ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ ಹೊಸದಾಗಿರಲಿ.

ಸೈಲೆನ್ಸರಿನೊಳಗಿನ ಉಕ್ಕಿನ ತಡೆಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುವ ಪದ್ಧತಿಯುಂಟು. ಗೃಹಿಣಿಯರು ಈ ಕೆಲಸವನ್ನು ಅಡುಗೆಮನೆಯ ಬಕೀಟಿನಲ್ಲಿ ಮಾಡಗೊಡದಿರುವುದು ನ್ಯಾಯವಾಗಿಯೇ ಇದೆ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಅದು ಕುದಿದು ಮುಖಕ್ಕೆ ಎರಚುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರು ಗವಸು ಇರಬೇಕು, ಮಕ್ಕಳು ದೂರವಿರಬೇಕು. ಅಲ್ಯೂಮಿನಿಯಮ್ಮಿನ ಪಿಸ್ಟನ್ನು, ಮುಚ್ಚಳಗಳನ್ನು ಅದರಲ್ಲಿ ಅದ್ದಿದರೆ ಕಿಟ್ಟಕ್ಕಿಂತ ಮೊದಲು ಲೋಹವೇ ಕರಗುತ್ತದೆ. ಕೆಲಸ ಮುಗಿದು ಎಂಜಿನ್ನನ್ನು ಚಾಲೂ ಮಾಡುವಾಗ ಗಾಡಿ ಬಯಲಿನಲ್ಲಿರಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊಗೆಯ ವಿಷಾನಿಲ ವಾಸನೆಯಿಲ್ಲದೆ ಪ್ರಾಣ ತೆಗೆಯಬಲ್ಲದು.

ಇಷ್ಟಾದ ಮೇಲೆ ಮಾನ್ವಿಯವರೆಗೆ ಒಮ್ಮೆ ಓಡಿಸಿ ಬಂದು ಅಳೆದ ಅಂಕಿಯೇ ನಿರ್ಣಾಯಕ. ಆಗಲೂ ಅದು ಕೆಳಗೇ ನಿಂತರೆ ಮಿಸ್ತ್ರಿಯ ಮಾತು ನಿಜವಾಯಿತು. ಸಂತೋಷದಿಂದ ಬೋರ್ ಮಾಡಿಸಬಹುದು. ಹೊಸ ರಿಂಗು ಹಾಕಿಸಿದ್ದಾದರೆ ಮೊದಲ ಕೆಲವು ನೂರು ಕಿಲೋಮೀಟರು ಓಡಿ ಅವು ಗೋಡೆಗೆ ಹೊಂದಿಕೊಳ್ಳುವವರೆಗೆ ಗೇಜಿನ ಅಂಕಿಯನ್ನು ನಂಬುವಂತಿಲ್ಲ. ಅಲ್ಲಿಯವರೆಗೆ ಗೇಜನ್ನು ಪೆಟ್ಟಿಗೆಯಲ್ಲಿಡಬೇಕು.